ಚೀಲ ಹೊತ್ತವರಿಗೇ ಮೊದಲ ಸೀಟು ಸಿಗಲಿ

ನಮ್ಮೂರು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು. ಹೊಲದಲ್ಲಿ ಕೆಲಸ ಇಲ್ಲದಾಗ ನಮ್ಮ ಕಡೆಯವರು ದಾವಣಗೆರೆ, ಹರಿಹರಕ್ಕೆ ಹಮಾಲಿಗೆ ಹೋಗುವುದು ಹೊಸದೇನಲ್ಲ. ನನ್ನ ಸೋದರಮಾವನೂ ಹಾಗೇ ಹೋಗಿ ಒಂದು ಅಕ್ಕಿ ಗಿರಣಿಯಲ್ಲಿ 14 ವರ್ಷ ಚೀಲ ಹೊತ್ತರು. ಈಗ ಅವರಿಗೆ 42. ಬಗ್ಗಿ ಚಪ್ಪಲಿ ಮೆಟ್ಟಬೇಕೆಂದರೆ ಒಂದು ಕೈ ಗೋಡೆ ಮೇಲಿರಬೇಕು.

ಕಳೆದ ರಜೆಯಲ್ಲಿ ಹರಿಹರದ ಕಡೆಯ ಒಂದು ಕಾರ್ಖಾನೆಗೆ ತರಬೇತಿಗೆಂದು ಹೋಗಿದ್ದೆ. ಅಲ್ಲಿ ಮೊದಲ ಸಲ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್‌ ಅನ್ನು ಹತ್ತಿರದಿಂದ ನೋಡಿದೆ. ಹೊಗೆ ಇಲ್ಲ, ಗದ್ದಲ ಇಲ್ಲ. ಪ್ಯಾಲೆಟ್ ಮೇಲೆ 50 ಕೆ.ಜಿ.ಯ 20 ಚೀಲ, ಅಂದರೆ ಒಂದು ಟನ್. ಎರಡು ಕಬ್ಬಿಣದ ಪಟ್ಟಿ ಕೆಳಗೆ ತೂರಿಸಿ ಒಮ್ಮೆಗೇ ಎತ್ತಿತು. ಮಾವ ಅದಕ್ಕೆ 20 ಸಲ ಹೋಗಿ ಬರಬೇಕಿತ್ತಲ್ಲ ಅನ್ನಿಸಿತು.

ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನಗೆ ಖುಷಿ ಕೊಟ್ಟದ್ದು ಅದರ ಬ್ಯಾಟರಿ. ಸ್ಕೂಟರಿನಲ್ಲಿ ಬ್ಯಾಟರಿಯ ತೂಕ ಒಂದು ತಲೆನೋವು. ಇಲ್ಲಿ ಅದೇ ಉಪಕಾರಿ: ಮುಂದೆ ಸರಕು ಎತ್ತಿದಾಗ ಗಾಡಿ ಮುಗ್ಗರಿಸದಂತೆ ಹಿಂದಿನಿಂದ ಜಗ್ಗಿ ಹಿಡಿಯುವುದರಲ್ಲಿ ಅದರದ್ದೂ ಪಾಲಿದೆ. ಡೀಸೆಲ್ ಗಾಡಿಯನ್ನು ಮುಚ್ಚಿದ ಗೋದಾಮಿನಲ್ಲಿ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ಕಟ್ಟಿಕೊಳ್ಳುತ್ತದೆ. ಇದರಲ್ಲಿ ಆ ಭಯವಿಲ್ಲ. ಹಾಗಂತ ಭಯವೇ ಇಲ್ಲ ಎಂದಲ್ಲ. ಸೀಸ–ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ, ಆ ಜಾಗದಲ್ಲಿ ಗಾಳಿ ಆಡಲೇಬೇಕು, ಬೀಡಿ ಹಚ್ಚುವಂತಿಲ್ಲ.

ಬ್ಯಾಟರಿ ಗಾಡಿ ನಿನ್ನೆ ಮೊನ್ನೆಯದೂ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ರೈಲ್‌ರೋಡ್ 1906ರಲ್ಲೇ ಪ್ರಯಾಣಿಕರ ಸಾಮಾನು ಸಾಗಿಸಲು ಇಂಥದ್ದನ್ನು ಬಳಸಿತ್ತು. ನಮ್ಮಲ್ಲಿ ಅತಿಯಾದ ಭಾರ ಹೊರಿಸಬಾರದು ಎಂಬ ಮಾತು 1948ರ ಕಾರ್ಖಾನೆಗಳ ಕಾಯ್ದೆಯ 34ನೇ ಕಲಮಿನಲ್ಲೇ ಬಂದಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಗಂಡಾಳಿಗೆ 55 ಕೆ.ಜಿ. ಮಿತಿ ಎಂದು ಶಿಫಾರಸು ಮಾಡಿತು. ಗಂಗಾವತಿ, ಸಿಂಧನೂರು ಕಡೆ ಭತ್ತದ ದರ ಹೇಳುವುದೇ 75 ಕೆ.ಜಿ. ಚೀಲಕ್ಕೆ ಇಷ್ಟು ಅಂತ. ಆ ಚೀಲ ಯಾರ ಬೆನ್ನ ಮೇಲೆ ಹೋಗುತ್ತದೆ?

ಆದ್ದರಿಂದ ಯಂತ್ರ ಬರಲಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ‘ಹಮಾಲರ ಹೊಟ್ಟೆ ಮೇಲೆ ಹೊಡೆಯಬೇಡಿ’ ಎನ್ನುವವರಲ್ಲಿ ಬಹಳ ಮಂದಿ ಒಂದು ಚೀಲವನ್ನೂ ಹೊತ್ತವರಲ್ಲ ಎಂದುಕೊಂಡಿದ್ದೆ. ಆದರೆ ಊರಿಗೆ ಬಂದು ಮಾವನಿಗೆ ಹೇಳಿದಾಗ ಅವರು ಕೇಳಿದ್ದೇ ಬೇರೆ: ‘ಮಷೀನು ಬರ್ಲಿ ಅಳಿಯಾ, ಬೆನ್ನರ ಉಳಿತೈತಿ. ಚೀಲಕ್ಕಿಷ್ಟು ಅಂತ ಕೊಡ್ತಿದ್ದ ರೊಕ್ಕ ಆಮ್ಯಾಕ ಯಾರಿಗೆ ಹೋಗ್ತೈತಿ?’

ನನ್ನಲ್ಲಿ ಉತ್ತರ ಇರಲಿಲ್ಲ. ಹಮಾಲಿಗೆ ತಿಂಗಳ ಪಗಾರವಿಲ್ಲ, ಎಣಿಕೆಯ ಕೂಲಿ. ಚೀಲ ಎತ್ತುವವನು ಬದಲಾದರೆ ಕೂಲಿ ಅಲ್ಲಿಗೇ ನಿಂತಿತು. ನಾನು ನೋಡಿದ ಆ ಕಾರ್ಖಾನೆಯಲ್ಲೂ ಗಾಡಿ ನಡೆಸುತ್ತಿದ್ದದ್ದು ಗುತ್ತಿಗೆದಾರ ಹೊರಗಿನಿಂದ ಕರೆತಂದ ಹುಡುಗ. ಮೊದಲು ಚೀಲ ಹೊರುತ್ತಿದ್ದವರು ಎಲ್ಲಿ ಹೋದರೆಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ.

ಓದದವರಿಗೆ ಇದು ಬರುವುದಿಲ್ಲ ಎಂಬ ಮಾತನ್ನು ನಾನಂತೂ ಒಪ್ಪಲಾರೆ. ಫೋರ್ಕ್‌ಲಿಫ್ಟ್‌ನಲ್ಲಿ ತಿರುಗುವುದು ಹಿಂದಿನ ಚಕ್ರ. ತಿರುವಿನಲ್ಲಿ ಹಿಂಭಾಗ ಬೀಸಿಕೊಂಡು ಹೋಗುತ್ತದೆ. ಕಾರು ಕಲಿತವರಿಗೆ ಮೊದಮೊದಲು ಗಲಿಬಿಲಿಯಾಗುತ್ತದೆ. ಕೆಸರಿನ ದಾರಿಯಲ್ಲಿ ಟ್ರಾಕ್ಟರ್ ಟ್ರೇಲರನ್ನು ಹಿಮ್ಮುಖವಾಗಿ ಹೊಲಕ್ಕೆ ಬಿಡುವ ನಮ್ಮೂರಿನವರಿಗೆ ಇದು ಎಷ್ಟು ದಿನದ ಮಾತು? ಸರಕು ಮಾಸ್ಟ್‌ನಿಂದ ದೂರ ಸರಿದಷ್ಟೂ ಗಾಡಿ ಎತ್ತಬಲ್ಲ ತೂಕ ಕಡಿಮೆಯಾಗುತ್ತದೆ ಎಂಬುದನ್ನು ನಾನು ಮೊದಲ ವರ್ಷ ‘ಮೊಮೆಂಟ್’ ಎಂದು ಬರೆದು ಅಂಕ ಪಡೆದೆ. ಚೀಲ ಮೈಗೆ ಅಂಟಿರಬೇಕು, ಇಲ್ಲದಿದ್ದರೆ ಸೊಂಟ ಹೋಗುತ್ತದೆ ಎಂದು ಹಮಾಲರಿಗೆ ಪುಸ್ತಕವಿಲ್ಲದೆ ಗೊತ್ತು.

ತರಬೇತಿ, ಪ್ರಮಾಣಪತ್ರ ಇಲ್ಲದೆ ಯಾರೂ ಸೀಟು ಹತ್ತಬಾರದು, ನಿಜ. ಅದರ ಖರ್ಚನ್ನು ಮಾಲೀಕರು ಯಂತ್ರದ ಬೆಲೆಯೊಳಗೇ ಹಿಡಿಯಲಿ. ಮೊದಲು ಅಲ್ಲಿನ ಹಮಾಲರನ್ನೇ ಕೇಳಲಿ, ಎಣಿಕೆಯ ಕೂಲಿಯನ್ನು ತಿಂಗಳ ಸಂಬಳ ಮಾಡಲಿ. ಎಲ್ಲರಿಗೂ ಸೀಟು ಸಿಗದು, ಒಂದು ಗಾಡಿಗೆ ಪಾಳಿಗೊಬ್ಬರೇ. ಆದರೆ ಪ್ಯಾಲೆಟ್ ಜೋಡಿಸಲು, ಲಾರಿಯೊಳಗೆ ನಿಟ್ಟು ಹಾಕಲು ಜನ ಬೇಕೇ ಬೇಕು. ನೆಲ ಸಮತಟ್ಟಿಲ್ಲದ, ಅಷ್ಟು ಬಂಡವಾಳವಿಲ್ಲದ ಸಣ್ಣ ಗಿರಣಿಗಳು ಕನ್ವೇಯರ್ ಬೆಲ್ಟ್ ಹಾಕಿದರೂ ಎಷ್ಟೋ ಬೆನ್ನು ಉಳಿದಾವು.

ಕೆಲಸ ಹುಡುಕುತ್ತಿರುವ ಗೆಳೆಯರಿಗೆ ಒಂದು ಮಾತು: ಆಪರೇಟರ್ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು, ನಿಜವಾದ ಗಾಡಿಯ ಮೇಲೆ ಎಷ್ಟು ಗಂಟೆ ಕೂರಿಸುತ್ತೀರಿ ಎಂದು ಕೇಳಿ.

ಮೊನ್ನೆ ಮಾವ ಮತ್ತೆ ಅದೇ ವಿಷಯ ತೆಗೆದರು. ‘ಅದರ ಸೀಟು ಹೆಂಗೈತಲೇ? ಕುಲುಕ್ತೈತೇನು?’ ತರಬೇತಿಯ ವರದಿಯಲ್ಲಿ ಬ್ಯಾಟರಿಯ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಸೀಟಿನ ಬಗ್ಗೆ ಒಂದು ಸಾಲೂ ಇರಲಿಲ್ಲ.