ಉಣ್ಣುವವರು, ಬೆಂಕಿ ಹಾಕುವವರು

ಇಂಗ್ಲೆಂಡಿನಲ್ಲಿರುವ ನಮ್ಮ ಸೋದರಮಾವ ಒಂದು ಫೋಟೋ ಕಳಿಸಿದ್ದರು. ಉಗಿ ಎಂಜಿನ್ ಎಳೆಯುವ ಹಳೇ ಕಾಲದ ರೈಲಿನಲ್ಲಿ ರಾತ್ರಿಯೂಟ. ಬಿಳಿ ಮೇಜುಬಟ್ಟೆ, ಪುಟ್ಟ ದೀಪ, ಥಳಥಳಿಸುವ ಚಮಚ. ಕಿಟಕಿಯಾಚೆ ಮುಸ್ಸಂಜೆಯ ಹೊಲ. ಸಸೆಕ್ಸಿನ ಬ್ಲೂಬೆಲ್ ರೈಲ್ವೆಯದಂತೆ. ರಜೆಗೆ ಹುಬ್ಬಳ್ಳಿಗೆ ಹೋದಾಗ ಅದನ್ನು ಅಜ್ಜನಿಗೆ ತೋರಿಸಿದೆ. ಅಜ್ಜ ಮೀಟರ್ ಗೇಜ್ ಕಾಲದ ಫೈರ್‌ಮನ್. ಬಹಳ ಹೊತ್ತು ನೋಡಿ, "ಉಣ್ಣಾವ್ರು ಕಾಣ್ತಾರ, ಬೆಂಕಿ ಹಾಕಾಂವ ಎಲ್ಲದಾನ?" ಅಂದರು.

ಮಿತ್ರರೇ, ಇದು ದುಡ್ಡಿದ್ದವರ ಸೋಗು ಅಂತಲೇ ನನಗೂ ಮೊದಲು ಅನಿಸಿದ್ದು. ಪುಣೆಯಿಂದ ಊರಿಗೆ ಹೋಗುವಾಗ ಜನರಲ್ ಡಬ್ಬಿಯಲ್ಲಿ ನಿಂತೇ ಬುತ್ತಿ ಬಿಚ್ಚುವ ನಮಗೆ ಈ ಊಟ ಯಾತಕ್ಕೆ? ಅಜ್ಜ ಹೂಂಗುಟ್ಟುತ್ತಾರೆ ಅಂದುಕೊಂಡೆ. ಅವರು, "ಎಂಜಿನ್ ಓಡ್ತೈತಿ ಹೌದಲ್ಲೋ? ಹಂಗಾರ ಆ ವಿದ್ಯಾ ಇನ್ನೂ ಬದುಕೇತಿ" ಅಂದುಬಿಟ್ಟರು.

ನಾನು ಕಾಮರ್ಸಿನವನು, ಲೆಕ್ಕ ನೋಡಿದೆ. 1958ರಲ್ಲಿ ಮುಚ್ಚಿಹೋದ ಮಾರ್ಗ ಅದು. 1960ರಲ್ಲಿ ಹವ್ಯಾಸಿಗಳು ಸೇರಿ ಅದರ ಒಂದು ತುಂಡಿನ ಮೇಲೆ ಮತ್ತೆ ಗಾಡಿ ಓಡಿಸಿದರು. 2013ರಲ್ಲಿ ಈಸ್ಟ್ ಗ್ರಿನ್‌ಸ್ಟೆಡ್‌ವರೆಗೆ ಹಳಿ ಮುಟ್ಟಿಸಿದರು. ಸಂಬಳವಿಲ್ಲದ ಸ್ವಯಂಸೇವಕರೇ ಅಲ್ಲಿಯ ಬಲ. ಅಲ್ಲಿ ಸುಮಾರು ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನು ಬಿಚ್ಚಿ ದುರಸ್ತಿ ಮಾಡಲೇಬೇಕು. ಅದು ಭಾರೀ ಖರ್ಚು. ಅಂದಮೇಲೆ ಆ ರಾತ್ರಿಯೂಟ ಬರೀ ಸೋಗಲ್ಲ, ಜಮಾ ಕಡೆಯ ಒಂದು ಬಾಬ್ತು. ಉಂಡವರ ದುಡ್ಡಿನಿಂದ ಒಲೆ ಉರಿಯುತ್ತದೆ, ಹೊಸ ಹುಡುಗರು ಸಲಿಕೆ ಹಿಡಿಯಲು ಕಲಿಯುತ್ತಾರೆ.

ಆ ಕಲಿಕೆ ಪುಸ್ತಕದಲ್ಲಿ ಸಿಗುವಂಥದಲ್ಲ. ಅಜ್ಜ ಜೋಳದ ರೊಟ್ಟಿಯನ್ನು ಒಲೆಬಾಯಿಯ ಹತ್ತಿರ ಬೆಚ್ಚಗಿಟ್ಟು, ಒಂದು ಕೈಯಲ್ಲಿ ತಿನ್ನುತ್ತ, ಕಣ್ಣು ಮಾತ್ರ ನೀರಿನ ಮಟ್ಟ ತೋರಿಸುವ ಗಾಜಿನ ಮೇಲೆ ಇಟ್ಟಿರುತ್ತಿದ್ದರಂತೆ. ನೀರು ತೀರಾ ಇಳಿದರೆ ಒಲೆಯ ಮೇಲಿನ ತಗಡು ಕಾದು ಕುಸಿಯುತ್ತದೆ. ಆಮೇಲೆ ಪ್ರಾಣಕ್ಕೇ ಸಂಚಕಾರ. ಎಲ್ಲಿ ಏರು, ಎಲ್ಲಿ ಇಳಿಜಾರು, ಎಷ್ಟು ಮುಂಚೆ ಕಲ್ಲಿದ್ದಲು ಹಾಕಬೇಕು, ಇದೆಲ್ಲ ಅವರ ಕೈಗೆ ಗೊತ್ತು.

ನಮ್ಮಲ್ಲೇನಾಯಿತು? ಚಿತ್ತರಂಜನ್ ಕಾರ್ಖಾನೆ ಕೊನೆಯ ಉಗಿ ಎಂಜಿನ್ ಕಟ್ಟಿದ್ದು 1972ರಲ್ಲಿ. ಬ್ರಾಡ್ ಗೇಜಿನಲ್ಲಿ ದಿನನಿತ್ಯದ ಉಗಿ ಗಾಡಿ ನಿಂತದ್ದು 1995ರಲ್ಲಿ. ಡಾರ್ಜಿಲಿಂಗ್, ನೀಲಗಿರಿಗಳಲ್ಲಿ ಉಗಿ ಉಳಿದಿದೆ, ಸಂತೋಷ. ಆದರೆ ಎಷ್ಟೋ ಎಂಜಿನ್‌ಗಳು ಸ್ಟೇಷನ್ನುಗಳ ಮುಂದೆ ಬಣ್ಣ ಹಚ್ಚಿಸಿಕೊಂಡು ತಣ್ಣಗೆ ನಿಂತಿವೆ. ಅವನ್ನು ಓಡಿಸಿದವರೂ ಈಗ ಮುದುಕರು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ನಮ್ಮಲ್ಲೂ ಅಂಥ ಊಟದ ಗಾಡಿ ಓಡಲಿ. ಜನರಲ್ ಡಬ್ಬಿಯವರ ದುಡ್ಡಿನಿಂದ ಬೇಡ, ಉಣ್ಣುವವರ ದುಡ್ಡಿನಿಂದಲೇ ಓಡಲಿ. ಆದರೆ ಎರಡು ಷರತ್ತು. ಮೊದಲ ಎಲೆ ಎಂಜಿನ್ನಿನವರಿಗೆ ಹೋಗಬೇಕು. ಲಾಭದಲ್ಲಿ ಒಂದು ಪಾಲು ಹಳೆಯ ಫೈರ್‌ಮನ್‌ಗಳನ್ನು ಕರೆಸಿ ಪಾಠ ಹೇಳಿಸುವುದಕ್ಕೆ ಸಲ್ಲಬೇಕು. ಇಲ್ಲದಿದ್ದರೆ ನನ್ನ ಮೊದಲ ಮಾತೇ ನಿಜ, ಬರೀ ಸೋಗು.

ಗಾಡಿ ಯಾವಾಗ ಬರುತ್ತದೋ. ಅಲ್ಲಿಯವರೆಗೆ, ನಿಮ್ಮ ಮನೆಗಳಲ್ಲೂ ಅಂಥ ಹಿರಿಯರಿದ್ದರೆ ಈ ರಜೆಯಲ್ಲಿ ಕೂತು ಕೇಳಿ, ಬರೆದಿಡಿ. ನಾನು ಒಂದು ನೋಟ್‌ಬುಕ್ ಶುರುಮಾಡಿದ್ದೇನೆ. "ಪಾಠ ಹೇಳಾಕ ಕರದ್ರ ಬರ್ತೀಯೇನಜ್ಜಾ?" ಅಂತ ಕೇಳಿದ್ದಕ್ಕೆ ಅಜ್ಜ ನಕ್ಕು ಹೇಳಿದರು: "ಬರ್ತೀನಿ. ಲಗೂ ಕರೀರಿ."