ಅರವತ್ತರ ಅನಂತರ ಒಂಬತ್ತು ಡಿಗ್ರಿಯ ಹಠವೇಕೆ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಾವೂ ನಿವೃತ್ತರು. ಅವರಲ್ಲಿ ಕೆಲವರಿಗೆ ಗಾಲ್ಫಿನ ಹುಚ್ಚು ಹಿಡಿದಿದೆ. ಸಂತೋಷವೇ. 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ ಕಂಡ ಬೆಂಗಳೂರಿನಲ್ಲಿ ಇದನ್ನು ಪರದೇಶದ ಆಟವೆಂದು ಮೂಗು ಮುರಿಯಲು ಕಾರಣವಿಲ್ಲ. ನನ್ನ ತಕರಾರು ಅವರು ಚೀಲದಲ್ಲಿ ಹೊತ್ತು ತಿರುಗುವ ಡ್ರೈವರಿನ ಬಗ್ಗೆ. ಅರವತ್ತೈದು ದಾಟಿದವರ ಕೈಯಲ್ಲಿ 9 ಡಿಗ್ರಿಯ ಲಾಫ್ಟ್, 46 ಇಂಚಿನ ಉದ್ದ! ಇದನ್ನು ಆಟದ ಸಲಕರಣೆ ಎನ್ನುವುದಕ್ಕಿಂತ ಮೀಸೆ ಎನ್ನುವುದು ಮೇಲು.

ಗಾಲ್ಫ್ ಅರಿಯದ ಬಂಧುಗಳಿಗಾಗಿ ಒಂದು ಮಾತು. ಡ್ರೈವರ್ ಎಂದರೆ ದೂರದ ಮೊದಲ ಹೊಡೆತಕ್ಕೆ ಬಳಸುವ ಉದ್ದನೆಯ ಕೋಲು. ಲಾಫ್ಟ್ ಎಂದರೆ ಅಡುಗೆಮನೆಯಲ್ಲಿ ಹಳೆಯ ಪಾತ್ರೆ ತುಂಬಿಡುವ ಅಟ್ಟವಲ್ಲ. ಕೋಲಿನ ಮುಖ ಹಿಂದಕ್ಕೆ ವಾಲಿರುವ ಕೋನ.

ನಿರ್ವಾತದಲ್ಲಿ ಎಸೆದ ವಸ್ತು 45 ಡಿಗ್ರಿಯಲ್ಲಿ ಅತಿ ದೂರ ಹೋಗುತ್ತದೆಂದು ಕರಿಹಲಗೆಯ ಮೇಲೆ ಬರೆದದ್ದು ನೆನಪಿದೆಯಷ್ಟೆ? ಗಾಲ್ಫ್ ಚೆಂಡನ್ನು ಅಷ್ಟು ಮೇಲಕ್ಕೆ ಹೊಡೆಯಬೇಕಾಗಿಲ್ಲದಿರುವುದು ಗಾಳಿಯ ದೆಸೆಯಿಂದ. ಹಿಮ್ಮುಖವಾಗಿ ತಿರುಗುತ್ತ ಸಾಗುವ ಚೆಂಡನ್ನು ಗಾಳಿಯೇ ಎತ್ತಿ ಹಿಡಿಯುತ್ತದೆ. ಮ್ಯಾಗ್ನಸ್ ಪರಿಣಾಮವೆಂದು ಅದರ ಹೆಸರು. ಆದರೆ ಆ ಬಲ ವೇಗ ಇದ್ದವನಿಗೆ ಒಲಿಯುತ್ತದೆ. ಗಂಟೆಗೆ 115 ಮೈಲಿಯಲ್ಲಿ ಕೋಲು ಬೀಸುವ ವೃತ್ತಿಪರನ ಚೆಂಡು ತಗ್ಗಾಗಿ ಹೊರಟರೂ ತೇಲುತ್ತದೆ. 80 ಮೈಲಿ ಬೀಸುವ ನಮ್ಮ ಅಜ್ಜನ ಚೆಂಡು ತಗ್ಗಾಗಿ ಹೊರಟರೆ ತಗ್ಗಾಗಿಯೇ ಬೀಳುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನ ತೆಳುಗಾಳಿಯಲ್ಲಿ ಎತ್ತುವ ಬಲ ಇನ್ನೂ ಕಡಿಮೆ. ನಲ್ಲಿಯ ಒತ್ತಡ ಇಳಿದಾಗ ದೂರದ ಗಿಡಕ್ಕೆ ನೀರು ಮುಟ್ಟಿಸಲು ಪೈಪಿನ ಮೂತಿಯನ್ನು ಮೇಲೆತ್ತುವವರು ನೀವೇ ಅಲ್ಲವೆ?

ಅಮೆರಿಕದ ವೃತ್ತಿಪರ ಮಹಿಳೆಯರ ಬೀಸಿನ ಸರಾಸರಿ ವೇಗ 95 ಮೈಲಿಯ ಆಸುಪಾಸಿನಲ್ಲಿದೆ. ಪುರುಷರ ಚೆಂಡು ಸುಮಾರು 11 ಡಿಗ್ರಿಯಲ್ಲಿ ನೆಲ ಬಿಟ್ಟರೆ ಅವರದು 13ರ ಸಮೀಪ. ನಮ್ಮ ಹಿರಿಯರಲ್ಲಿ ಹೆಚ್ಚಿನವರು ಆ ಮಹಿಳೆಯರಿಗಿಂತ ನಿಧಾನವಾಗಿ ಬೀಸುತ್ತಾರೆ. ಕೋಲು ಮಾತ್ರ ಪುರುಷ ವೃತ್ತಿಪರರದೇ ಆಗಬೇಕು! ಅಂಗಡಿಯೊಂದರಲ್ಲಿ ನನ್ನ ಮುಂದೆಯೇ ಒಬ್ಬ ಹಿರಿಯರು 12 ಡಿಗ್ರಿಯದನ್ನು ಕೈಗೆತ್ತಿಕೊಂಡಾಗ ಮಾರುವ ಹುಡುಗ, ‘ಅದು ಲೇಡೀಸ್ ಸಾರ್’ ಎಂದು ನಕ್ಕ. ಪಾಪ, ಅವರು ಕೆಂಡ ಮುಟ್ಟಿದವರಂತೆ ಅದನ್ನು ಕೆಳಗಿಟ್ಟರು. ನನಗೆ ಸಿಟ್ಟು ಬಂದದ್ದು ಆ ನಗುವಿನ ಮೇಲೆ. ನನ್ನ ಶಿಷ್ಯನೊಬ್ಬ ಇಂಥದೇ ಕೋಲಿನಿಂದ ಚೆಂಡನ್ನು ಮೇಲೆಬ್ಬಿಸಲು ಹಿಂದಕ್ಕೆ ಬಾಗಿ ಬಾಗಿ ಸೊಂಟ ಹಿಡಿಸಿಕೊಂಡು, ಆರು ತಿಂಗಳಿನಿಂದ ಮೈದಾನದ ಮುಖ ನೋಡಿಲ್ಲ. ಮುಂಜಾನೆಯ ನಡಿಗೆ, ಗೆಳೆಯರ ಹರಟೆ, ಎಲ್ಲವೂ ಹೋಯಿತು.

ಇನ್ನು ಉದ್ದದ ವಿಚಾರ. ಉಕ್ಕಿನ ದಂಡದ ಕಾಲದಲ್ಲಿ 43 ಇಂಚು ಸಾಕಾಗಿತ್ತು. ಇಂದು ಅಂಗಡಿಯಲ್ಲಿ 45ರಿಂದ 46. ಉದ್ದ ಹೆಚ್ಚಿದರೆ ವೇಗ ಹೆಚ್ಚುತ್ತದೆಂಬುದು ಲೆಕ್ಕದ ಮಟ್ಟಿಗೆ ನಿಜ. ಆದರೆ ಚೆಂಡು ಮುಖದ ನಡುವಿಗೆ ತಾಗದಿದ್ದರೆ ಗಳಿಸಿದ ವೇಗವೆಲ್ಲ ಸೋರಿಹೋಗುತ್ತದೆ, ದಿಕ್ಕೂ ತಪ್ಪುತ್ತದೆ. ‘ಫಿಲ್ ಮಿಕಲ್ಸನ್ 2021ರಲ್ಲಿ ಐವತ್ತನೆಯ ವಯಸ್ಸಿನಲ್ಲಿ, ಹೆಚ್ಚುಕಡಿಮೆ 48 ಇಂಚಿನ ಡ್ರೈವರಿನಿಂದ ಪಿಜಿಎ ಚಾಂಪಿಯನ್‌ಶಿಪ್ ಗೆಲ್ಲಲಿಲ್ಲವೆ?’ ಎಂದು ಒಬ್ಬ ನನ್ನನ್ನೇ ಕೇಳಿದ. ಗೆದ್ದರು, ನಿಜ. ಅಪ್ಪಾ, ಅವರು ಬಾಳೆಲ್ಲ ಅದೇ ಕೆಲಸ ಮಾಡಿದವರು. ನೀನು ಮೂವತ್ತೈದು ವರ್ಷ ಬ್ಯಾಂಕಿನಲ್ಲಿದ್ದವನು. ಅಂದಹಾಗೆ, 2022ರಿಂದ ದೊಡ್ಡ ವೃತ್ತಿಪರ ಪಂದ್ಯಗಳಲ್ಲಿ 46 ಇಂಚಿನ ಮಿತಿ ಬಂದಿದೆ. ಅವರಿಗೇ ಬೇಡವೆಂದದ್ದು ನಿನಗೇಕೆ?

ಎತ್ತರದ ಚೆಂಡು ನೆಲದ ಮೇಲೆ ಉರುಳುವುದಿಲ್ಲವೆಂಬ ಆಕ್ಷೇಪವೊಂದಿದೆ. ಮಾರ್ಚ್-ಏಪ್ರಿಲ್‌ನ ಗಟ್ಟಿ ನೆಲದಲ್ಲಿ, ಎದುರುಗಾಳಿಯಲ್ಲಿ, ಈ ಮಾತನ್ನು ಒಪ್ಪುತ್ತೇನೆ. ಮಳೆಗಾಲದ ಹಸಿ ಹುಲ್ಲಿನಲ್ಲಿ ಯಾವ ಚೆಂಡು ಉರುಳೀತು?

ಹಾಗಾದರೆ ಏನನ್ನು ಕೊಳ್ಳಬೇಕು? ಬೀಸು 85 ಮೈಲಿಗಿಂತ ಕಡಿಮೆಯಿದ್ದರೆ 12 ಡಿಗ್ರಿಯಿಂದ ಆರಂಭಿಸಿ, 95ರವರೆಗೆ 10.5ರಿಂದ 12ರ ನಡುವೆ ನೋಡಿ. ಚೆಂಡಿಗೆ ಮೇಲಿನಿಂದ ಕೆಳಕ್ಕೆ ಕುಟ್ಟುವ ಅಭ್ಯಾಸವಿದ್ದರೆ ಇನ್ನಷ್ಟು ಬೇಕಾದೀತು. ಲಾಫ್ಟ್ ಹೆಚ್ಚಿದರೆ ಚೆಂಡು ಪಕ್ಕಕ್ಕೆ ಬಾಗುವುದೂ ಕಡಿಮೆಯಾಗುತ್ತದೆ. ಉದ್ದ 44ರಿಂದ 44.5 ಇಂಚು ಸಾಕು. ಒಮ್ಮೆಲೇ ಕೊಯ್ಯಿಸಬೇಡಿ, ಕೋಲಿನ ತೂಕದ ಹದ ಕೆಡುತ್ತದೆ. ಮೊದಲು ಹಿಡಿಯನ್ನು ಒಂದು ಇಂಚು ಕೆಳಗೆ ಹಿಡಿದು ನೋಡಿ, ಅದಕ್ಕೆ ಕಾಸಿನ ಖರ್ಚಿಲ್ಲ. ಮುಖಕ್ಕೆ ಪೌಡರ್ ಸ್ಪ್ರೇ ಸಿಂಪಡಿಸಿದರೆ ಚೆಂಡು ತಾಗಿದ ಗುರುತು ಉಳಿಯುತ್ತದೆ. ಎರಡೂ ಬಗೆಯಲ್ಲಿ ಹತ್ತು ಹತ್ತು ಚೆಂಡು ಹೊಡೆಯಿರಿ. ಎಲ್ಲಕ್ಕಿಂತ ದೂರ ಹೋದ ಒಂದನ್ನು ಮಾತ್ರ ಬರೆದುಕೊಂಡು ಬಂದರೆ ನಾನು ಒಪ್ಪುವುದಿಲ್ಲ. ಹತ್ತರ ಸರಾಸರಿ ಬೇಕು. ಲೆಕ್ಕವನ್ನು ನನಗೆ ಕಳುಹಿಸಿ. ಕೆಂಪು ಶಾಯಿಯ ಪೆನ್ನು ಇನ್ನೂ ಮೇಜಿನ ಮೇಲೆಯೇ ಇದೆ.