ಅಪ್ಪಣೆ ಯಾರದು?

ಪ್ರತಿ ವರ್ಷವೂ ಏಪ್ರಿಲ್ 14ನೆಯ ತಾರೀಖಿನಂದು ದೇಶದ ಅಗ್ನಿಶಾಮಕ ದಳದವರು ತಮ್ಮಲ್ಲಿ ಮಡಿದವರನ್ನು ಸ್ಮರಿಸುತ್ತಾರೆ. ಪುಷ್ಪಮಾಲೆಯನ್ನು ಅರ್ಪಿಸುವುದೂ ಕವಾಯತನ್ನು ನಡೆಸುವುದೂ ಯೋಗ್ಯವೇ ಸರಿ. ಆದರೆ ಆ ದಿನದ ಪಾಠವನ್ನು ನಮ್ಮ ಅಧಿಕಾರಿವರ್ಗವು ಕಲಿತಿದೆಯೆ ಎಂಬುದು ಬೇರೊಂದು ಪ್ರಶ್ನೆ. ಅದನ್ನು ಕೇಳುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

1944ನೆಯ ಇಸವಿಯ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕಿನಲ್ಲಿ ಫೋರ್ಟ್ ಸ್ಟೈಕಿನ್ ಎಂಬ ಹಡಗು ತಂಗಿದ್ದಿತು. ಅದರ ಒಡಲಿನಲ್ಲಿ ಸುಮಾರು 1,400 ಟನ್ನು ಸ್ಫೋಟಕ ಸಾಮಗ್ರಿ. ಅದರ ಜೊತೆಗೇ ಕರಾಚಿಯಲ್ಲಿ ಹೇರಿದ ಹತ್ತಿಯ ಮೂಟೆಗಳು. ಹಡಗಿನೊಳಗೆ ಬೆಂಕಿಯಿದೆಯೆಂದು ಕೂಗೆದ್ದುದು ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ. ಮೊದಲನೆಯ ಸ್ಫೋಟವಾದುದು ನಾಲ್ಕು ಗಂಟೆ ಆರು ನಿಮಿಷಕ್ಕೆ. ಈ ನಡುವಣ ಎರಡು ಗಂಟೆಗಳಲ್ಲಿ ಅಲ್ಲಿ ಜನರ ಕೊರತೆಯಿರಲಿಲ್ಲ, ಧೈರ್ಯದ ಕೊರತೆಯೂ ಇರಲಿಲ್ಲ. ಹಡಗಿನ ಕಪ್ತಾನನಿದ್ದನು, ಅಗ್ನಿಶಾಮಕ ದಳದ ಮುಖ್ಯನಿದ್ದನು, ಮದ್ದುಗುಂಡುಗಳ ವಿಷಯವನ್ನು ಬಲ್ಲ ಸೇನಾಧಿಕಾರಿಯಿದ್ದನು, ಡಾಕಿನ ಆಡಳಿತಗಾರನೂ ಬಂದನು. ಹಡಗನ್ನು ಮುಳುಗಿಸಬೇಕೆಂದು ಒಬ್ಬರ ಮತ. ಸಮುದ್ರಕ್ಕೆ ಎಳೆದೊಯ್ಯಬೇಕೆಂದು ಇನ್ನೊಬ್ಬರ ಮತ. ಇನ್ನಷ್ಟು ನೀರು ಸುರಿದರೆ ಸಾಕೆಂದು ಮತ್ತೊಬ್ಬರ ಮತ. ಪ್ರತಿಯೊಬ್ಬರೂ ತಮ್ಮ ಇಲಾಖೆಯ ಮಟ್ಟಿಗೆ ಅಧಿಕಾರಿಗಳೇ. ಎಲ್ಲರ ಮಾತನ್ನೂ ಕೇಳಿ, “ಹೀಗೆ ಮಾಡತಕ್ಕದ್ದು” ಎಂದು ಅಪ್ಪಣೆಯಿತ್ತು, ಅದನ್ನು ನಡೆಸಿಯೇ ತೀರುವವನು ಮಾತ್ರ ಒಬ್ಬನೂ ಇರಲಿಲ್ಲ. ಮುಳುಗಿಸುವುದೂ ಆಗಲಿಲ್ಲ, ಎಳೆದೊಯ್ಯುವುದೂ ಆಗಲಿಲ್ಲ. ಅರ್ಧ ಗಂಟೆಯೊಳಗೆ ಎರಡನೆಯ ಸ್ಫೋಟವೂ ಆಯಿತು. ಅಗ್ನಿಶಾಮಕ ದಳದ 66 ಮಂದಿ ಮಡಿದರು. ಒಟ್ಟು ಸತ್ತವರು ಎಂಟುನೂರಕ್ಕೆ ಕಡಮೆಯಿಲ್ಲ. ಮಂದಿ ಹೆಚ್ಚಿದಲ್ಲಿ ಹಾವು ಸಾಯದೆಂಬ ನಮ್ಮವರ ಗಾದೆಗೆ ಇದಕ್ಕಿಂತ ದಾರುಣವಾದ ನಿದರ್ಶನವುಂಟೆ?

ಈ ದೋಷವು ಒಂದು ದೇಶದ್ದಲ್ಲ. 1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚುಗಳು ಹದಿಮೂರು ದಿನಗಳಲ್ಲಿ 16 ಜೀವಗಳನ್ನೂ ನೂರಾರು ಮನೆಗಳನ್ನೂ ಆಹುತಿ ತೆಗೆದುಕೊಂಡವು. ಹಲವು ದಳಗಳು ನೆರವಿಗೆ ಓಡಿಬಂದರೂ ಒಂದರ ಮಾತು ಮತ್ತೊಂದಕ್ಕೆ ತಿಳಿಯಲಿಲ್ಲ. ಒಂದೇ ಶಬ್ದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿದರು. ಅಲ್ಲಿನವರು ಪರಸ್ಪರ ದೂರುತ್ತ ಕಾಲ ಕಳೆಯದೆ ಒಂದು ಕ್ರಮವನ್ನು ಕಟ್ಟಿದರು. ಅದರ ಸಾರವು ಬಹು ಸರಳವಾದುದು. ಮೊದಲು ಸ್ಥಳಕ್ಕೆ ಬಂದ ಅರ್ಹ ಅಧಿಕಾರಿಯೇ ನಾಯಕನು. ಮೇಲಿನವರು ಬಂದ ಮಾತ್ರಕ್ಕೆ ನಾಯಕತ್ವವು ತಾನಾಗಿ ಬದಲಾಗುವುದಿಲ್ಲ. ಪರಿಸ್ಥಿತಿಯನ್ನು ವಿವರಿಸಿ ಬಾಯಿಬಿಟ್ಟು ಹೇಳಿಯೇ ವಹಿಸಿಕೊಡತಕ್ಕದ್ದು. ಒಬ್ಬನ ಕೈಕೆಳಗೆ ನೇರವಾಗಿ ಮೂವರಿಗೆ ಕಡಮೆಯಾಗದಂತೆ, ಏಳಕ್ಕೆ ಮೀರದಂತೆ ಜನರಿರಬೇಕು, ಐವರಾದರೆ ಉತ್ತಮ. ಅನಾಹುತವು ಬೆಳೆದಂತೆಲ್ಲ ವಿಭಾಗಗಳನ್ನು ಬೆಳೆಸಬೇಕು, ಕುಗ್ಗಿದಂತೆ ಕುಗ್ಗಿಸಬೇಕು. ಪ್ರತಿಯೊಬ್ಬನೂ ಒಬ್ಬನಿಗೆ ಮಾತ್ರ ಉತ್ತರವಾದಿ.

ಸಾಮಗ್ರಿಯ ವಿಷಯದಲ್ಲಿಯೂ ಇದೇ ಶಿಸ್ತು. ನೆರವಿಗೆ ಬಂದ ವಾಹನವೂ ದಳವೂ ನೇರವಾಗಿ ಬೆಂಕಿಯ ಕಡೆಗೆ ನುಗ್ಗಕೂಡದು. ಸಮೀಪದ ಒಂದು ನಿಯಮಿತ ಸ್ಥಳದಲ್ಲಿ ನಿಂತು, ಹೆಸರು ಬರೆಯಿಸಿ, ಅಪ್ಪಣೆಗಾಗಿ ಕಾಯಬೇಕು. ಕೆಲಸದಲ್ಲಿರುವುದೆಷ್ಟು, ಸಿದ್ಧವಾಗಿರುವುದೆಷ್ಟು, ಕೆಟ್ಟೋ ದಣಿದೋ ಬಿಡುವಿನಲ್ಲಿರುವುದೆಷ್ಟು ಎಂಬ ಲೆಕ್ಕವು ನಾಯಕನ ಮುಂದೆ ಸದಾ ಇರಬೇಕು. ಈ ಲೆಕ್ಕವಿಲ್ಲದೆಡೆಯಲ್ಲಿ ಒಂದು ಕಡೆ ಹತ್ತು ವಾಹನಗಳು ದಾರಿಗಟ್ಟಿ ನಿಲ್ಲುವುವು. ಮತ್ತೊಂದು ಕಡೆ ಜನರು ಒಂದು ಕೊಡ ನೀರಿಲ್ಲದೆ ಬಾಯಿಬಾಯಿ ಬಡಿದುಕೊಳ್ಳುವರು. ಒಳಗೆ ಹೋದವರೆಷ್ಟು ಮಂದಿ, ಹೊರಗೆ ಬಂದವರೆಷ್ಟು ಮಂದಿ ಎಂಬುದೂ ತಿಳಿಯದೆ ಹೋಗುವುದು.

ನಮ್ಮಲ್ಲಿ ಕಾನೂನಿನ ಕೊರತೆಯಿದೆಯೆಂದು ಯಾರೂ ಹೇಳಲಾರರು. 2005ನೆಯ ಇಸವಿಯ ವಿಪತ್ತು ನಿರ್ವಹಣಾ ಕಾನೂನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರವನ್ನು ಏರ್ಪಡಿಸಿ, ಯಾವ ಇಲಾಖೆಯ ಸಾಮಗ್ರಿಯನ್ನಾದರೂ ಉಪಯೋಗಕ್ಕೆ ಬಿಡುವಂತೆ ಅಪ್ಪಣೆ ಮಾಡುವ ಅಧಿಕಾರವನ್ನು ಅದಕ್ಕೆ ಕೊಟ್ಟಿದೆ. 2010ರ ಜುಲೈ ತಿಂಗಳಿನಲ್ಲಿ ರಾಷ್ಟ್ರೀಯ ಪ್ರಾಧಿಕಾರದವರು ಮೇಲೆ ಹೇಳಿದ ಕ್ರಮವನ್ನೇ ನಮ್ಮ ಆಡಳಿತಕ್ಕೆ ಹೊಂದುವಂತೆ ಮಾರ್ಪಡಿಸಿ ಪ್ರಕಟಿಸಿದರು. ಕಾರ್ಯಾಚರಣೆ, ಯೋಜನೆ, ಸಾಮಗ್ರಿ ಪೂರೈಕೆ ಎಂಬ ಮೂರು ವಿಭಾಗಗಳಿಗೂ ಮುಂಚಿತವಾಗಿಯೇ ಅಧಿಕಾರಿಗಳನ್ನು ಗೊತ್ತುಮಾಡಿ ಅವರಿಗೆ ಶಿಕ್ಷಣ ಕೊಡಬೇಕೆಂದು ಅದರಲ್ಲಿ ಹೇಳಿದೆ. ಕಾಗದದ ಮೇಲೆ ಇದು ಲೋಪವಿಲ್ಲದ ವ್ಯವಸ್ಥೆ. ಆದರೆ ಗೊತ್ತುಮಾಡಿದ ಅಧಿಕಾರಿಗೆ ವರ್ಗವಾದರೆ ಪಟ್ಟಿಯು ತಿದ್ದಲ್ಪಡುವುದೆ? ತನ್ನ ಹೆಸರು ಪಟ್ಟಿಯಲ್ಲಿದೆಯೆಂಬುದನ್ನು ಹೊಸಬರು ಬಲ್ಲರೆ? ಈ ಪ್ರಶ್ನೆಗಳಿಗೆ ಪ್ರತಿಯೊಂದು ತಾಲ್ಲೂಕಿನ ಕಚೇರಿಯೂ ತನಗೆ ತಾನೇ ಉತ್ತರ ಹೇಳಿಕೊಳ್ಳಲಿ.

ಒಬ್ಬನ ಕೈಗೆ ಅಧಿಕಾರವನ್ನೆಲ್ಲ ಕೊಟ್ಟರೆ ಅವನ ತಪ್ಪಿಗೆ ಊರೆಲ್ಲ ದಂಡ ತೆರಬೇಕಾಗದೆ ಎಂದು ಕೆಲವರು ಕೇಳಬಹುದು. ಆಕ್ಷೇಪವು ಅಲ್ಲಗಳೆಯತಕ್ಕದ್ದಲ್ಲ. ಆದರೆ ನಾವು ಹೇಳುವುದು ಒಬ್ಬನ ಬುದ್ಧಿಯನ್ನಲ್ಲ, ಒಬ್ಬನ ಅಪ್ಪಣೆಯನ್ನು. ಆಲೋಚನೆ ಹಲವರದಾಗಲಿ; ಎಲ್ಲ ಇಲಾಖೆಯವರೂ ಒಂದೇ ಕಡೆ ಕುಳಿತು ಒಂದೇ ಯೋಜನೆಯನ್ನು ಬರೆಯಲಿ. ಹೊರಡುವ ಆಜ್ಞೆ ಮಾತ್ರ ಒಂದೇ ಆಗಿರಲಿ. ತಪ್ಪಾದ ಅಪ್ಪಣೆಯನ್ನು ತಿದ್ದಬಹುದು, ಅಪ್ಪಣೆಯಿತ್ತವನನ್ನು ಬದಲಾಯಿಸಲೂಬಹುದು. ಕೊಡದೆ ಹೋದ ಅಪ್ಪಣೆಯನ್ನು ತಿದ್ದುವ ಬಗೆ ಯಾವುದು?

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಯಲ್ಲಿ ಒಂಬತ್ತು ಮಂದಿ ಸತ್ತರು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಸೇನೆ, ವಿಪತ್ತು ದಳ, ಕಂದಾಯ, ಪೊಲೀಸು, ಸ್ವಯಂಸೇವಕರು ಎಲ್ಲರೂ ಒಂದೇ ಬೆಟ್ಟದ ದಾರಿಯಲ್ಲಿ ಸೇರಬೇಕಾಯಿತು. ಮಳೆಗಾಲವು ಪ್ರತಿ ವರ್ಷವೂ ಬರುವುದು. ಅದಕ್ಕೆ ಮುನ್ನ ಪ್ರತಿಯೊಂದು ಜಿಲ್ಲೆಯಲ್ಲಿಯೂ ಪಟ್ಟಿಯನ್ನು ತಿದ್ದಿ, ಹೆಸರಿಗೆ ಬದಲಾಗಿ ಹುದ್ದೆಗೆ ಹೊಣೆಯನ್ನು ಕಟ್ಟಿ, ಒಂದು ದಿನವಾದರೂ ನಿಜವಾದ ಅಭ್ಯಾಸವನ್ನು ನಡೆಸಲಿ. ಅನಾಹುತದ ಸ್ಥಳಕ್ಕೆ ಭೇಟಿ ಕೊಡುವ ಮಂತ್ರಿಗಳೂ ಗಣ್ಯರೂ ಅಲ್ಲಿನ ನಾಯಕನ ಅಪ್ಪಣೆಗೆ ತಲೆಬಾಗುವುದನ್ನು ರೂಢಿಸಿಕೊಳ್ಳಲಿ. ಇದಕ್ಕೆ ಹಣವು ಹೆಚ್ಚು ಬೇಕಿಲ್ಲ. ಬಿಡಬೇಕಾದುದು ಇಲಾಖೆಯ ಅಭಿಮಾನವೊಂದನ್ನೇ.

ಬೆಂಕಿ ಬಿದ್ದಾಗ ಬಾವಿ ತೋಡುವವನನ್ನು ನೋಡಿ ನಾವು ನಗುತ್ತೇವೆ. ಬೆಂಕಿ ಬಿದ್ದಾಗ ನಾಯಕನನ್ನು ಹುಡುಕುವವರೂ ಅವನಿಗಿಂತ ಜಾಣರಲ್ಲ. ಆ 66 ಮಂದಿಗೆ ಮಾಲೆಯನ್ನು ಅರ್ಪಿಸುವ ಕೈಗಳು ಈ ಒಂದು ಕೆಲಸವನ್ನೂ ಮಾಡಿ ಮುಗಿಸಲಿ.